ಅಪ್ಪ ಬೈದ ದಿನ

ನಮ್ಮ ಹುಲ್ಲಿನ ಮೆದೆ ಸುಟ್ಟಿದ್ದು ಎರಡು ಸಾವಿರದ ಇಸವಿ ಕಳೆದ ಮೇಲಿನ ಒಂದು ಬೇಸಿಗೆಯಲ್ಲಿ. ನಾನಾಗ ಹಂಗಳದಿಂದ ಗುಂಡ್ಲುಪೇಟೆ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಪಕ್ಕದ ಹೊಲದವನು ಜೋಳದ ಕೂಳೆಗೆ ಬೆಂಕಿಯಿಟ್ಟು, ಬೀಡಿ ಸೇದುತ್ತ ಕೂತಿದ್ದ. ಗಾಳಿ ತಿರುಗಿತು. ವರ್ಷಕ್ಕಾಗುವಷ್ಟು ರಾಗಿಹುಲ್ಲು ಕಣ್ಣೆದುರೇ ಬೂದಿಯಾಯಿತು.

ಅಪ್ಪ ಕೂಗಾಡಲಿಲ್ಲ, ಪಂಚಾಯ್ತಿ ಸೇರಿಸಲಿಲ್ಲ. ಅವನ ಜೊತೆ ಮಾತು ಬಿಟ್ಟರು, ಅಷ್ಟೆ. ಇಬ್ಬರೂ ಚಿಕ್ಕಂದಿನಿಂದ ಒಟ್ಟಿಗೆ ದನ ಮೇಯಿಸಿದವರು. ಮಾತಿನ ಜೊತೆ ಅಪ್ಪನ ಊಟವೂ ಹೋಯಿತು. ಮುದ್ದೆ ಮುರಿಯುವರು, ಅರ್ಧಕ್ಕೇ ಕೈ ತೊಳೆಯುವರು. ಮೈ ಇಳಿದುಹೋಗಿತ್ತು. ಅಮ್ಮನಿಗೆ ಭಯ ಹತ್ತಿತ್ತು. ನನಗೋ ಅಪ್ಪನಿಗಿಂತ ಒಂದು ಕೈ ಹೆಚ್ಚೇ ಸಿಟ್ಟು. ಅವನನ್ನು ದಾರಿಯಲ್ಲಿ ಕಂಡರೆ ಬೇಕೆಂದೇ ಉಗುಳುತ್ತಿದ್ದೆ.

ಅವನು ಮಾತ್ರ ದಿನಾ ಬೆಳಗ್ಗೆ ಒಂದು ಹೊರೆ ಹುಲ್ಲು ತಂದು ನಮ್ಮ ಬಾಗಿಲಲ್ಲಿ ಹಾಕಿ, ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ. "ಯಾರೂ ಮುಟ್ಬ್ಯಾಡಿ" ಎಂದಿದ್ದರು ಅಪ್ಪ. ನಾವು ಮುಟ್ಟಲಿಲ್ಲ. ನಮ್ಮ ಎತ್ತುಗಳಿಗೆ ಇಂಥ ಹಟವೆಲ್ಲ ಎಲ್ಲಿ ಬರಬೇಕು? ಹಗ್ಗ ಜಗ್ಗಿಕೊಂಡು ಬಂದು ಮೇಯ್ದುಬಿಟ್ಟವು. ಅಪ್ಪ ನೋಡಿಯೂ ನೋಡದವರಂತೆ ಮುಖ ತಿರುಗಿಸಿದರು. ಆಮೇಲೆ ದಿನವೂ ಅದೇ ನಡೆಯಿತು.

ಮೊದಲ ಮಳೆ ಬಿದ್ದು ಉಳುಮೆ ಶುರುವಾದಾಗ ಅಪ್ಪನಿಗೆ ಬುತ್ತಿ ಕೊಡಲು ಹೊಲಕ್ಕೆ ಹೋಗಿದ್ದೆ. ಬದುವಿನಾಚೆ ಅವನ ಎತ್ತೊಂದು ನೊಗದಲ್ಲೇ ಮಂಡಿಯೂರಿ ಕೂತುಬಿಟ್ಟಿತು. ಅಪ್ಪ ಬದು ದಾಟಿ ಹೋಗಿ ಅದರ ಪಕ್ಕೆ ಸವರಿದರು. ಎಲುಬುಗಳು ಕೈಗೆ ಸಿಗುವಂತಿದ್ದವು. ಅವನಿಗಿದ್ದ ಮೆದೆಯೇ ಚಿಕ್ಕದು. ನಮ್ಮ ಬಾಗಿಲಿಗೆ ಬಂದಿದ್ದೆಲ್ಲ ಇವುಗಳ ಮೇವು ಎಂದು ನನಗೂ ಆಗಲೇ ಗೊತ್ತಾದದ್ದು.

"ಲೋ, ಬುದ್ಧಿಗಿದ್ಧಿ ಅದಾ ನಿಂಗೆ? ಇವುನ್ನ ಉಪಾಸ ಕೆಡ್ವಿ ನನ್ನೆತ್ಗೆ ಉಲ್ಲಾಕ್ತೀಯಾ? ನಾಳಿಂದ ಒಂದ್ ಕಡ್ಡಿ ತಂದ್ರೆ ಕಾಲ್ ಮುರ್ದಾಕ್ಬುಡ್ತೀನಿ ಕಣ್ಲಾ! ಬುಚ್ಚು ನೊಗಾವ. ನನ್ನೆತ್ ಕಟ್ಕೊಂಡು ಉಳು."

ಅವನು ನೇಗಿಲಿನ ಮೇಳಿ ಹಿಡಿದುಕೊಂಡೇ ನಿಂತಿದ್ದ. ಕಣ್ಣಲ್ಲಿ ನೀರು, ಮುಖದಲ್ಲಿ ನಗು.

"ಇನ್ನೊಸಿ ಬಯ್ಯಣ್ಣ," ಅಂದ. "ನಿನ್ ಮಾತ್ ಕೇಳಿ ಎಷ್ಟ್ ದಿನಾಗಿತ್ತು."

ಅಪ್ಪ ಇನ್ನಷ್ಟು ಬೈದು, ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿದರು. ಅರ್ಧ ಮುದ್ದೆ ಮುರಿದು ಅವನ ಕೈಗಿಟ್ಟರು. ಉಳಿದರ್ಧ ಮುಗಿಸಿ, ಬರಿದಾದ ಡಬ್ಬಿ ನೋಡಿ, "ಇಷ್ಟೇಯಾ ತಂದಿರದು ಕಣಮ್ಮಿ?" ಎಂದು ನನಗೂ ಬೈದರು.