ಓರಗಿತ್ತಿಯ ಮಗನ ರಿಪೋರ್ಟು

ಓರಗಿತ್ತಿಯ ಮಗನ ರಕ್ತದ ರಿಪೋರ್ಟಿನಲ್ಲಿ ಒಂದು ಗೆರೆಯೂ ಇರಲಿಲ್ಲ. ನನ್ನ ಮಗನದರಲ್ಲಿ ಡಾಕ್ಟರು ಮೂರು ಕಡೆ ಕೆಂಪು ಗೆರೆ ಎಳೆದಿದ್ದರು. ಹೊಟ್ಟೆಕಿಚ್ಚು ಪಾಪವೆಂದು ಕಾನ್ವೆಂಟಿನ ಸಿಸ್ಟರುಗಳು ನನಗೆ ಹತ್ತು ವರ್ಷ ಕಲಿಸಿದ್ದರು. ಆದರೂ ಘಾಟ್ಕೋಪರಿನ ಆ ಕ್ಲಿನಿಕ್ಕಿನಲ್ಲಿ ಕೂತು ಆ ಗೆರೆಯಿಲ್ಲದ ಕಾಗದವನ್ನೇ ನೋಡುತ್ತಿದ್ದೆ. ಓರಗಿತ್ತಿ ಅದನ್ನು ಮಡಚಿ ಗಾಳಿ ಹಾಕಿಕೊಳ್ಳುತ್ತಿದ್ದಳು.

ಹುಡುಗರಿಬ್ಬರಿಗೂ ಇಪ್ಪತ್ತಾರು. ವಿಲೆ ಪಾರ್ಲೆಯ ನಮ್ಮ ಹೋಟೆಲಿನ ಕೌಂಟರಿನಲ್ಲಿ ಸರದಿಯ ಮೇಲೆ ಕೂರುವವರು. ಅದೇ ಬೆಣ್ಣೆ ದೋಸೆ, ಅದೇ ವಡೆ, ಹಿಂಬಾಗಿಲಲ್ಲಿ ಅದೇ ಸಿಗರೇಟು. ಹೋದ ವಾರ ಸ್ಟೇಷನ್ನಿನ ಬ್ರಿಜ್ಜು ಹತ್ತುವಾಗ ಎದೆ ಹಿಡಿದು ಕೂತವನು ಮಾತ್ರ ನನ್ನವನು. "ಇಬ್ಬರ ಚೆಕಪ್ಪೂ ಒಟ್ಟಿಗೇ ಆಗ್ಲಿ ಅಕ್ಕ" ಎಂದು ಓರಗಿತ್ತಿ ತನ್ನವನನ್ನೂ ಹೊರಡಿಸಿದ್ದಳು.

ಡಾಕ್ಟರು ನಮ್ಮ ಮಂಗಳೂರು ಕಡೆಯವರೇ. "ಇಬ್ಬರೂ ಸಿಗರೇಟು ಬಿಡ್ಬೇಕು, ನಡೀಬೇಕು. ಆದ್ರೆ ಇವನ ಕೊಲೆಸ್ಟ್ರಾಲು ಬರೀ ತಿಂದು ಬಂದದ್ದಲ್ಲ ಅನಿಸ್ತದೆ. ತಂದೆ ಕಡೆ ಇಬ್ಬರಿಗೂ ಒಂದೇ. ತಾಯಿ ಕಡೆ ಸಣ್ಣ ಪ್ರಾಯದಲ್ಲಿ ಯಾರಿಗಾದ್ರೂ ಹಾರ್ಟು?"

"ನಮ್ಮಲ್ಲಿ ಯಾರಿಗೂ ಇಲ್ಲ ಡಾಕ್ಟ್ರೇ," ಎಂದು ಓರಗಿತ್ತಿ ನಕ್ಕಳು. "ನನ್ನ ಅಜ್ಜನಿಗೆ ತೊಂಬತ್ತೆರಡು. ಈಗಲೂ ಮೀನಿಲ್ಲದಿದ್ರೆ ಊಟಕ್ಕೆ ಏಳುದಿಲ್ಲ."

ಡಾಕ್ಟರು ನನ್ನತ್ತ ತಿರುಗಿದರು.

ನನ್ನ ಅಪ್ಪ ಮೂವತ್ತೊಂಬತ್ತಕ್ಕೆ ಹೋದದ್ದು ಕಾಮಾಲೆಯಿಂದ ಎಂದೇ ಗಂಡನ ಮನೆಯವರ ನಂಬಿಕೆ. ನನ್ನ ಮದುವೆ ಮಾತಿನ ಹೊತ್ತಿಗೆ ಸೋದರಮಾವ ಹಾಗೆ ಹೇಳಿಟ್ಟಿದ್ದರು. "ಹಾರ್ಟ್ ಅಂದ್ರೆ ವಂಶದ ಮಾತಾಗ್ತದೆ ಮಗಾ. ಕಾಮಾಲೆ ಅಂದ್ರೆ ಯಾರೂ ಮತ್ತೆ ಕೇಳುದಿಲ್ಲ." ಇಪ್ಪತ್ತೆಂಟು ವರ್ಷ ಯಾರೂ ಕೇಳಲಿಲ್ಲ.

ಮಗ ಮೊಬೈಲಿನಿಂದ ತಲೆಯೆತ್ತಿದ. "ಅಮ್ಮಾ, ಬೋಲೋ ನಾ. ಅಜ್ಜನಿಗೆ ಜಾಂಡಿಸ್ ಅಲ್ವಾ?"

ಅವನ ತುಟಿಯ ಬಣ್ಣ ಇನ್ನೂ ಸರಿಯಾಗಿರಲಿಲ್ಲ.

"ಅಲ್ಲ," ಎಂದೆ. "ಹಾರ್ಟು. ನಾನು ಶಾಲೆಗೆ ಹೊರಟಿದ್ದೆ, ಕಣ್ಣೆದುರೇ ಬಿದ್ದರು. ನನ್ನ ದೊಡ್ಡಪ್ಪನೂ ಹಾಗೆಯೇ, ನಲವತ್ತನಾಲ್ಕಕ್ಕೆ."

ಡಾಕ್ಟರು ಬರೆದುಕೊಂಡರು. ಮಾತ್ರೆ ಇವತ್ತಿನಿಂದಲೇ, ಇನ್ನೊಂದು ಪರೀಕ್ಷೆ ನಾಳೆಯೇ ಎಂದರು. "ಹೇಳಿದ್ದು ಒಳ್ಳೇದಾಯ್ತು." ಮಗ ನನ್ನ ಕಡೆ ನೋಡಲಿಲ್ಲ.

ಹೊರಗೆ ಬಂದ ಮೇಲೆ ಓರಗಿತ್ತಿ ನನ್ನ ಕೈ ಹಿಡಿದಳು. "ನಮ್ಮ ಹತ್ರ ಮೊದಲೇ ಹೇಳಿದ್ರೆ ಏನಾಗ್ತಿತ್ತು ಅಕ್ಕ?"

ಕುಹಕವಿರಲಿಲ್ಲ, ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ತವರಿನ ಸುದ್ದಿಯನ್ನು ಅಳೆದು ತೂಗಿ ಆಡುವ ಗತಿ ಅವಳಿಗೆ ಯಾವತ್ತೂ ಬಂದಿಲ್ಲ. ಅವಳ ಮಗನ ಆರೋಗ್ಯಕ್ಕಿಂತ ಅವಳ ಆ ನಿಶ್ಚಿಂತೆಯೇ ನನ್ನ ಹೊಟ್ಟೆಯನ್ನು ಹೆಚ್ಚು ಉರಿಸಿತು. ಮೆಲ್ಲನೆ ಕೈ ಬಿಡಿಸಿಕೊಂಡು, ಆಗಲೇ ಮುಂದೆ ಹೋಗಿದ್ದ ನನ್ನ ಮಗನ ಹಿಂದೆ ಮೆಡಿಕಲ್ ಅಂಗಡಿಗೆ ನಡೆದೆ.