ನಾಲ್ಕನೇ ಜ್ವರ ಮತ್ತು ಗಣಿತದ ಪರೀಕ್ಷೆ

ರೇಷ್ಮೆ ಹುಳುವಿಗೆ ಭಾನುವಾರವಿಲ್ಲ. ಹಸಿದಾಗ ಅದಕ್ಕೆ ಸೊಪ್ಪು ಬೇಕು. ಹಬ್ಬವಿರಲಿ, ಸಾವಿರಲಿ, ಸೊಪ್ಪು ಹಾಕುವವಳ ಮೈ ಸುಡುತ್ತಿರಲಿ, ಅದು ಕಾಯುವುದಿಲ್ಲ. ಮದುವೆ ಮದುವೆಗೂ ರೇಷ್ಮೆ ಕೊಳ್ಳುವ ನಮಗೆ ಇಷ್ಟಾದರೂ ಗೊತ್ತಿರಬೇಕಿತ್ತು. ಗೊತ್ತಿಲ್ಲ. ಗೊತ್ತಿಲ್ಲದೆಯೇ ಮೈಕು ಹಿಡಿದು, ಜೀವನಕ್ಕೊಂದು ಪ್ಲಾನ್ ಇರಬೇಕಮ್ಮಾ ಎಂದು ಹುಳು ಸಾಕುವ ಹೆಂಗಸರಿಗೆ ಬುದ್ಧಿ ಹೇಳುತ್ತೇವೆ.

ಮಾಸ್ತಿ ಹತ್ತಿರದ ಗಂಗಾಲಕ್ಷ್ಮಿಗೆ ಪ್ಲಾನ್ ಇತ್ತು. ಎರಡಿದ್ದವು. ಒಂದು, ಹತ್ತನೇ ತರಗತಿ ಪಾಸು ಮಾಡುವುದು. ಚಿಕ್ಕಂದಿನಲ್ಲಿ ಅವಳನ್ನು ಒಂಬತ್ತಕ್ಕೇ ಶಾಲೆ ಬಿಡಿಸಿದ್ದರು. ಎರಡನೆಯದು, ಸ್ವಂತದ್ದೊಂದು ಚಾಕಿ ಕೇಂದ್ರ. ಮೊಟ್ಟೆಯೊಡೆದ ಮರಿಹುಳುಗಳನ್ನು ಕೂಸಿನಂತೆ ನೋಡಿಕೊಂಡು, ಸ್ವಲ್ಪ ದೊಡ್ಡದಾದ ಮೇಲೆ ಬೇರೆ ರೈತರಿಗೆ ಮಾರುವ ಕೆಲಸ ಅದು. ಅದರ ತರಬೇತಿಗೆ ಸೇರಲು ಹೋದಾಗ ಹತ್ತನೇ ತರಗತಿಯ ಅಂಕಪಟ್ಟಿ ಕೇಳಿದ್ದರು. ಹಾಗಾಗಿ ಒಂದಾಗದೆ ಇನ್ನೊಂದಿಲ್ಲ.

ಅವಳ ಓದಿನ ಲೆಕ್ಕ ಕ್ಯಾಲೆಂಡರಿನಲ್ಲಿರಲಿಲ್ಲ, ಹುಳುವಿನಲ್ಲಿತ್ತು. ಹುಳು ಬೆಳೆಯುತ್ತ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ತಲೆಯೆತ್ತಿ ಅಲುಗದೆ ಕೂರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಆ ಕಡೆ ಇದಕ್ಕೆ ಜ್ವರ ಅನ್ನುತ್ತಾರೆ. ಹುಳುವಿಗೆ ಜ್ವರ ಬಂದರೆ ಹೆಂಗಸಿಗೆ ಬಿಡುವು. ಹುಳು ಮಲಗಿದ ಸೊಪ್ಪಿನ ಹಾಸಿಗೆ ಒಣಗಲೆಂದು ಮೇಲೆ ಸುಣ್ಣದ ಪುಡಿ ಉದುರಿಸಿ, ಗಂಗಾಲಕ್ಷ್ಮಿ ಹೊಸ್ತಿಲ ಮೇಲೆ ಪುಸ್ತಕ ಬಿಚ್ಚುತ್ತಿದ್ದಳು. ಮೂರನೇ ಜ್ವರದಲ್ಲಿ ವಿಜ್ಞಾನ, ನಾಲ್ಕನೇ ಜ್ವರದಲ್ಲಿ ಗಣಿತ. ಸೆಖೆ ಹೆಚ್ಚಾಗಿ ಹುಳು ಬೇಗ ಎದ್ದರೆ ಉಳಿದ ಪಾಠ ಮುಂದಿನ ಬೆಳೆಗೆ. ಹುಳು ಗೂಡು ಕಟ್ಟಲು ಹತ್ತಿದ ಮೇಲೆ ನಾಲ್ಕು ದಿನ ಪುರುಸೊತ್ತು ಸಿಕ್ಕರೆ ಇಂಗ್ಲಿಷು. ನೆಂಟರು ಬಂದರೆ ಅದೂ ಇಲ್ಲ.

ಇಂಥ ಪ್ಲಾನು ಬೇಕಾದಂತೆ ಬಗ್ಗುತ್ತದೆ. ಬಗ್ಗುವುದು ಕಂಡರೆ ಜನ ಸುಮ್ಮನಿರುತ್ತಾರೆಯೇ? ಒಂದು ವರ್ಷ ನಾದಿನಿಯ ನಿಶ್ಚಿತಾರ್ಥ ಬಂತು, ಪರೀಕ್ಷೆ ಹೋಯಿತು. ಮರುವರ್ಷ ಗಂಡ ಕದಿರೇಶನಿಗೆ ಮಾಲೂರಿನ ಫ್ಯಾಕ್ಟರಿಯಲ್ಲಿ ಎರಡೆರಡು ಶಿಫ್ಟು ಬಿತ್ತು, ತೋಟದ ಸೊಪ್ಪು ಕೊಯ್ಯುವವರಿಲ್ಲದೆ ಆ ಪರೀಕ್ಷೆಯೂ ಹೋಯಿತು. ಅವಳು ಗೊಣಗಲಿಲ್ಲ. ಹೊಂದಿಕೊಂಡು ಹೋಗುವ ಹುಡುಗಿ ಎಂದು ಬೀದಿಯೆಲ್ಲ ಹೊಗಳಿತು. ಆ ಹೊಗಳಿಕೆಯನ್ನು ನಾನು ನಂಬುವುದಿಲ್ಲ. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಬಾಯಿ ಮುಚ್ಚಿಸುವುದು ಬೈಗುಳವಲ್ಲ, ಈ ಶಹಬ್ಬಾಸ್‌ಗಿರಿ.

ಈ ವರ್ಷ ಅವಳು ಗಟ್ಟಿ ಮನಸ್ಸು ಮಾಡಿದಳು. ಗಣಿತದ ಪರೀಕ್ಷೆಯ ದಿನ ಹುಳು ನಾಲ್ಕನೇ ಜ್ವರದಲ್ಲಿರಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿ ಮರಿಹುಳು ತರುವ ದಿನ ಗೊತ್ತುಮಾಡಿದಳು. ಜತೆಗೆ ಪಕ್ಕದ ಬೀದಿಯ ಕೌಸರ್‌ಗೆ ಒಂದು ಮಾತು ಹೇಳಿಟ್ಟಳು. ಕೌಸರ್ ಮನೆಯಲ್ಲೂ ಹುಳು ಸಾಕುತ್ತಾರೆ. ಇಬ್ಬರದೂ ಮುಯ್ಯಾಳು, ಇವಳ ಸೊಪ್ಪಿಗೆ ಅವಳು, ಅವಳ ಸೊಪ್ಪಿಗೆ ಇವಳು, ಕೂಲಿಯ ಮಾತಿಲ್ಲ. ಪರೀಕ್ಷೆ ಮುಗಿಯುವ ತನಕ ಯಾವ ದಿನ ಕರೆದರೂ ಒಂದು ಬೆಳಿಗ್ಗೆ ನನಗೆ ಕೊಡಬೇಕು ಎಂದು ಗಂಗಾಲಕ್ಷ್ಮಿ ಕೇಳಿಕೊಂಡಳು. ಕೌಸರ್ ಆಯಿತಕ್ಕ ಅಂದಳು.

ಕೆಡಿಸಿದ್ದು ಅಮಾವಾಸ್ಯೆ. ಅವಳು ಗೊತ್ತುಮಾಡಿದ್ದ ದಿನ ಅಮಾವಾಸ್ಯೆಯೆಂದು ಅತ್ತೆ ಶಾಮಲಮ್ಮನಿಗೆ ತಡವಾಗಿ ಹೊಳೆಯಿತು. ಅಮಾವಾಸ್ಯೆಯ ದಿನ ಹುಳು ಒಳಗೆ ತಂದರೆ ಬೆಳೆ ಕೈಗೆ ಹತ್ತುವುದಿಲ್ಲವೆಂಬುದು ಆ ಮನೆಯ ನಂಬಿಕೆ. ಹಿಂದಿನ ದಿನವೂ ಅದರ ನೆರಳಿರುತ್ತದೆ, ಇನ್ನೂ ಮೊದಲೇ ತಂದುಬಿಡು ಎಂದು ಮಗನನ್ನು ಅಟ್ಟಿದರು. ಕದಿರೇಶ ಲಕ್ಕೂರಿನ ಕಡೆಯಿಂದ ಹುಳು ತಂದೇಬಿಟ್ಟ. ಗಂಗಾಲಕ್ಷ್ಮಿ ಆಗ ತೋಟದಲ್ಲಿದ್ದಳು. ಬಂದು ನೋಡುವಷ್ಟರಲ್ಲಿ ಹುಳು ತಟ್ಟೆಯಲ್ಲಿತ್ತು. ಅವಳನ್ನು ಒಂದು ಮಾತು ಕೇಳಬೇಕಿತ್ತೆಂದು ತಾಯಿಗೂ ಅನ್ನಿಸಲಿಲ್ಲ, ಮಗನಿಗೂ ಅನ್ನಿಸಲಿಲ್ಲ.

ಪರೀಕ್ಷೆಯ ದಿನ ಬೆಳಕು ಹರಿಯುವಾಗ ಅವಳು ಹುಳುವಿನ ಮನೆಯ ಬಾಗಿಲು ತೆರೆದಳು. ಜ್ವರ ಬಿಟ್ಟಿತ್ತು. ಸಾವಿರಾರು ಹುಳು ಹೊಸ ಮೈಯಲ್ಲಿ ತಲೆ ಆಡಿಸುತ್ತ ಸೊಪ್ಪು ಹುಡುಕುತ್ತಿದ್ದವು. ಇಡೀ ಬೆಳೆಯಲ್ಲಿ ಇದಕ್ಕಿಂತ ದೊಡ್ಡ ಹಸಿವಿಲ್ಲ. ಆ ಹೊತ್ತಿನ ಮೊದಲ ಸೊಪ್ಪು ಹಾಕುವುದು ಮನೆಯಲ್ಲಿ ಕೈಗುಣ ಇರುವವರೇ. ಆ ಮನೆಯ ಕೈಗುಣವೆಲ್ಲ ಗಂಗಾಲಕ್ಷ್ಮಿಯದೇ ಎಂದು ಮದುವೆಯಾಗಿ ಬಂದಾಗಿನಿಂದ ಎಲ್ಲರೂ ಹೇಳಿಕೊಂಡು ಬಂದಿದ್ದರು.

ಕದಿರೇಶ ಟೀ ಕುಡಿಯುತ್ತ ಬಂದು ಇಣುಕಿದ. ಅವನು ಕೆಟ್ಟವನಲ್ಲ. ಅದಕ್ಕೇ ಅವನ ಮಾತು ಹೆಚ್ಚು ಚುಚ್ಚುತ್ತದೆ.

"ಹೋಗ್ಲಿ ಬಿಡೇ. ಮುಂದಿನ ಪರೀಕ್ಷೆ ಇದ್ದೇ ಇದೆಯಲ್ಲ."

ಅವಳು ಪರೀಕ್ಷೆಗೆಂದು ಉಟ್ಟಿದ್ದ ಒಳ್ಳೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸೊಪ್ಪಿನ ಕುಡುಗೋಲು ಕೈಗೆತ್ತಿಕೊಂಡಳು. ಅಷ್ಟೇ. ಪ್ಲಾನ್ ಮತ್ತೆ ಬಗ್ಗಿತು.

ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಶಾಮಲಮ್ಮ ಇದನ್ನು ನೋಡಿದರು. ಸೊಸೆ ಅತ್ತಿದ್ದರೆ ಏನಾದರೂ ಗದರುತ್ತಿದ್ದರೇನೋ. ಅಳಲಿಲ್ಲವಲ್ಲ, ಅದನ್ನು ಅವರಿಗೆ ತಡೆಯಲಾಗಲಿಲ್ಲ. ಎದ್ದು ಬಂದು ಕುಡುಗೋಲು ಕಿತ್ತುಕೊಂಡರು.

"ಹುಳು ಮುಂಚೆ ತರಿಸ್ದೋಳು ನಾನು. ನಾನೇ ಹಾಕ್ತೀನಿ."

"ಅತ್ತೆ, ನಿಮ್ಮ ಮಂಡಿ..."

"ಮಂಡೀಲಿ ಹಾಕ್ತಾರೇನೇ ಸೊಪ್ಪು? ನೀನು ಬರೋಕ್ ಮುಂಚೆ ಈ ಮನೇಲಿ ಹುಳು ಉಪವಾಸ ಇತ್ತಾ? ನನ್ಗೂ ಇತ್ತು ಕಣೇ ಕೈಗುಣ. ನಿನ್ಗೆ ಕೊಟ್ಟು ಕೂತ್ಕೊಂಡೆ, ಆರಾಮಾಗಿತ್ತು."

ಆಮೇಲೆ ಮಗನ ಕಡೆ ತಿರುಗಿದರು. ಫ್ಯಾಕ್ಟರಿಗೆ ಫೋನ್ ಮಾಡಿ ಮಧ್ಯಾಹ್ನದ ಶಿಫ್ಟಿಗೆ ಬರ್ತೀನಿ ಅಂತ ಹೇಳು, ತೋಟಕ್ಕೆ ನಡಿ ಅಂದರು. ಸೂಪರ್‌ವೈಸರ್ ಒಪ್ಪಲ್ಲಮ್ಮ ಎಂದು ಅವನು ರಾಗ ಎಳೆದ. ಕೇಳಿ ನೋಡ್ಲಾ, ಅವಳು ಎಷ್ಟು ಸಲ ಒಪ್ಕೊಂಡಿಲ್ಲ ಅಂದರು. ಅವನು ಕೇಳಿದ. ಸೂಪರ್‌ವೈಸರ್ ಗೊಣಗಿದರೂ ಒಪ್ಪಿದ. ಇಷ್ಟು ವರ್ಷದಲ್ಲಿ ಕದಿರೇಶ ಒಂದು ಸಲವೂ ಕೇಳಿಯೇ ಇರಲಿಲ್ಲ.

ಅಷ್ಟರಲ್ಲಿ, ಕುಡುಗೋಲು ಅತ್ತೆಯ ಕೈಗೆ ಹೋದ ಕೂಡಲೇ ಗಂಗಾಲಕ್ಷ್ಮಿ ಫೋನ್ ಮಾಡಿ ಕರೆದಿದ್ದ ಕೌಸರ್ ಬಂದಳು. ಹೊರಗಿನವರ ದೃಷ್ಟಿ ತಾಗುತ್ತದೆಂದು ಶಾಮಲಮ್ಮ ಬೇರೆಯವರನ್ನು ಹುಳುವಿನ ಮನೆಯೊಳಗೆ ಬಿಡುವವರಲ್ಲ. ಅಭ್ಯಾಸಬಲದಿಂದ ಬಾಗಿಲಿಗೆ ಅಡ್ಡ ನಿಂತರು.

"ಅಮ್ಮಾ, ಹುಳ ಬೇಕಾದ್ರೆ ನನ್ನ ನೋಡ್ಲಿ, ನಾನು ಕಣ್ಣು ಮುಚ್ಕೊಂಡೇ ಸೊಪ್ಪು ಹಾಕ್ತೀನಿ," ಅಂದಳು ಕೌಸರ್.

ಶಾಮಲಮ್ಮನಿಗೆ ನಗು ಬಂತು. ಪಕ್ಕಕ್ಕೆ ಸರಿದರು.

ಗಂಗಾಲಕ್ಷ್ಮಿ ಮಾತ್ರ ಇನ್ನೂ ಅಲ್ಲೇ ನಿಂತಿದ್ದಳು. ಇಷ್ಟು ದಿನ ಎಲ್ಲರಿಗೂ ಜಾಗ ಬಿಟ್ಟವಳಿಗೆ, ತನಗಾಗಿ ಯಾರೋ ಜಾಗ ಬಿಟ್ಟಾಗ ಏನು ಮಾಡಬೇಕೆಂದು ತಿಳಿಯಲಿಲ್ಲ. ತೆಳುವಾಗಿ ಹಾಕಿ, ಒದ್ದೆ ಸೊಪ್ಪು ಬೇಡ, ಕಿಟಕಿ ಪರದೆ ಎತ್ತಿ ಎಂದು ಹೇಳಿದ್ದನ್ನೇ ಹೇಳತೊಡಗಿದಳು. ಶಾಮಲಮ್ಮನಿಗೆ ಸಿಟ್ಟಾದರೂ ಮುದ್ದಾದರೂ ಬಾಯಿಗೆ ತೆಲುಗೇ ಬರುವುದು. ಸೊಸೆಯ ಸೊಂಟದಲ್ಲಿ ಸಿಕ್ಕಿದ್ದ ಸೆರಗನ್ನು ಬಿಡಿಸಿ, ಭುಜದ ಮೇಲೆ ಸರಿಯಾಗಿ ಹೊದಿಸಿ, ಬಸ್ಸು ತಪ್ಪುವ ಮುಂಚೆ ಹೊರಡು ತಾಯಿ ಎಂದು ಅಟ್ಟಿದರು.

"ಪೋ ತಲ್ಲೀ. ಬಸ್ಸು ಪೋತುಂದಿ."

ಅವಳು ಹೋದಳು. ಮಾಲೂರು ಬಸ್ಸಿನಲ್ಲಿ ಸೀಟಿರಲಿಲ್ಲ, ನಿಂತೇ ಹೋದಳು. ತನಗಿಂತ ಎಷ್ಟೋ ಚಿಕ್ಕವರ ನಡುವೆ ಕೂತು ಗಣಿತ ಬರೆದಳು. ಸಂಜೆ ಬಂದಾಗ ಹುಳು ಚೆನ್ನಾಗಿಯೇ ಮೇಯುತ್ತಿತ್ತು. ಒಂದು ಮೂಲೆಯಲ್ಲಿ ಸೊಪ್ಪು ದಪ್ಪ ಬಿದ್ದಿತ್ತು, ಅದು ಕದಿರೇಶನ ಕೆಲಸ. ಅವಳು ನೋಡಿದಳು, ಸರಿಮಾಡಲಿಲ್ಲ.

ಗಣಿತ ಪಾಸಾಯಿತು. ಇಂಗ್ಲಿಷ್ ಹೋಯಿತು. ಸುಖಾಂತ್ಯ ಬೇಕೆನ್ನುವವರು ಕ್ಷಮಿಸಬೇಕು, ಹುಳು ಗೂಡು ಕಟ್ಟಲು ಹತ್ತಿದ ಮೇಲೆ ಓದುವ ಇಂಗ್ಲಿಷಿಗೆ ಅಷ್ಟೇ ಬೆಲೆ. ಚಾಕಿ ಕೇಂದ್ರ ಮುಂದಕ್ಕೆ ಹೋಯಿತು. ಆದರೆ ಈ ಸಲ ಮುಂದಕ್ಕೆ ಹಾಕಿದ್ದು ಅವಳೇ, ಎಲ್ಲರನ್ನೂ ಕೂರಿಸಿಕೊಂಡು. ಮರುಪರೀಕ್ಷೆಯ ತಿಂಗಳು ಮನೆಗೆ ಹುಳು ತರುವುದೇ ಬೇಡವೆಂದು ಶಾಮಲಮ್ಮ ಹೇಳಿದರು. ಒಂದು ಬೆಳೆ ಹೋದರೆ ಹೋಗಲಿ ಎಂದು ಕದಿರೇಶನೂ ಅಂದ, ಕೊಂಚ ತಡೆದು. ಆ ತಡವರಿಕೆಯನ್ನೂ ನಾನು ಗೌರವಿಸುತ್ತೇನೆ. ಬಗ್ಗಿ ಅಭ್ಯಾಸವಿಲ್ಲದ ಬೆನ್ನು ಮೊದಲ ಸಲ ಬಗ್ಗುವಾಗ ನೋಯುತ್ತದೆ.

ನಿಮ್ಮ ಮನೆಯಲ್ಲೂ ಒಬ್ಬರಿದ್ದಾರೆ. ಎಲ್ಲರ ಕೆಲಸಕ್ಕೂ ತನ್ನ ದಿನವನ್ನು ಸರಿಸಿಕೊಟ್ಟು, ಏನನ್ನೂ ಕೇಳದೆ ಒಳಗೆ ಪಾತ್ರೆ ಜೋಡಿಸುತ್ತಿರುವವರು. ಈ ಪತ್ರಿಕೆ ಮಡಿಸಿಡಿ. ಎದ್ದು ಹೋಗಿ, ನೀನು ಮುಂದಕ್ಕೆ ಹಾಕಿದ್ದು ಏನು ಎಂದು ಕೇಳಿ. ಉತ್ತರ ಬರುವ ತನಕ ಅಲ್ಲೇ ನಿಲ್ಲಿ. ಬಂದ ಮೇಲೆ ಹೊಗಳಬೇಡಿ, ನಿಮ್ಮ ಕೆಲಸವನ್ನು ಮುಂದಕ್ಕೆ ಹಾಕಿ.