ಅವ್ವನ ಹಗ್ಗದ ಗೂಟ

ಮುಂಡಗೋಡದ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ, ಬಟ್ಟೆ ಒಣಹಾಕುವ ಕಬ್ಬಿಣದ ಕಂಬ ತುಕ್ಕು ಹಿಡಿದು ಮೊನ್ನೆ ಮುರಿದುಬಿತ್ತು. ನನ್ನ ಬಿಳಿ ಅಂಗಿಗಳೆಲ್ಲ ಕೆಸರಿನಲ್ಲಿ. ಸಿಮೆಂಟಿನ ಕಂಬ ತರಿಸಿ ಎಂದಳು ಹೆಂಡತಿ. ನನಗೋ ಕಂಬವೆಂದ ಕೂಡಲೇ ಕೆಂಪು ಹೂವು ಕಣ್ಣ ಮುಂದೆ ಬಂತು. ನಗಬೇಡಿ, ಕಾರಣವಿದೆ.

ಅರವತ್ತರ ದಶಕದ ಮಾತು. ಅಪ್ಪನಿಗೆ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸವಾಗಿ ಧಾರವಾಡದ ಕಡೆಯಿಂದ ಬಂದಿದ್ದೆವು. ಅವ್ವನಿಗೆ ಊರು ಹಿಡಿಸಲಿಲ್ಲ. ಮಳೆಗೆ ಜೋಳದ ಹಿಟ್ಟು ಮುಗ್ಗುತ್ತದೆ, ಮಾತು ಅರ್ಧ ಕೊಂಕಣಿ, ಲಿಂಗಪೂಜೆಗೆ ಒಂದು ಹೂವಿಲ್ಲ. ಎರಡು ವರ್ಷ ಅಷ್ಟೇ ಎಂದು ಟ್ರಂಕನ್ನು ಪೂರ್ತಿ ಬಿಚ್ಚಲೇ ಇಲ್ಲ. ನೀನೇ ಒಂದು ಹೂವಿನ ಗಿಡ ಹಚ್ಚು ಎಂದು ಅಪ್ಪ ಹೇಳಿದರೆ, ಬಿಟ್ಟು ಹೋಗುವವರು ಯಾರಿಗಾಗಿ ಹಚ್ಚಬೇಕು ಎನ್ನುವಳು.

ಬಟ್ಟೆಗೆ ಹಗ್ಗವಂತೂ ಬೇಕಲ್ಲ. ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಕುಂಬಾರವಾಡದ ಗಾವಡೆ ಮಾಮಾ ಮಳೆಗಾಲಕ್ಕೆ ಮುಂಚೆ ಉದ್ದನೆಯ ಗೂಟವೊಂದನ್ನು ಹೊತ್ತು ತಂದು, ಮುಳ್ಳು ಕೆತ್ತಿ ನೆಟ್ಟು ಹೋದರು. ನಮ್ಮ ಕಡೆ ಗೂಟವೆಂದರೆ ಒಣ ಕಟ್ಟಿಗೆ. ಅವರ ಕಡೆ ಒಣ ಗೂಟವನ್ನು ಗೆದ್ದಲು ಬಿಡುವುದಿಲ್ಲ. ಗೂಟಕ್ಕೂ ಬೇಲಿಗೂ ಪಾಂಗಾರದ, ಅಂದರೆ ಹಾಲಿವಾಣದ, ಹಸಿ ಟೊಂಗೆಯನ್ನೇ ನೆಡುತ್ತಾರೆ; ಅದು ಬೇರುಬಿಟ್ಟು ಮರವಾಗುತ್ತದೆ. ಇದು ಎಲ್ಲರಿಗೂ ಗೊತ್ತಿರುವುದೇ ಎಂದುಕೊಂಡು ಅವರು ಹೇಳಲಿಲ್ಲ, ಅವ್ವ ಕೇಳಲಿಲ್ಲ. ಗೂಟ ಚಿಗುರಿತು. ಸೀರೆಗೆ ಸಿಕ್ಕುತ್ತದೆಂದು ಅವ್ವ ಚಿಗುರು ಮುರಿದು ಮುರಿದು ಸೋತಳು.

ಮೂರನೆಯ ವರ್ಷ ಅವಳ ತಾಳ್ಮೆಯೂ ತೀರಿತು. ಶಿವರಾತ್ರಿಯ ಮರುದಿನ ಮಕ್ಕಳೊಂದಿಗೆ ಹಳಿಯಾಳದ ಮೇಲೆ ಧಾರವಾಡಕ್ಕೆ ಹೋಗುವ ಬಸ್ಸು ಹತ್ತುವುದು, ತಿರುಗಿ ಬರುವುದಿಲ್ಲ ಎಂದು ಟ್ರಂಕು ತುಂಬಿದಳು. ಅಪ್ಪ ಒಂದು ರೊಟ್ಟಿಗೇ ಕೈ ತೊಳೆಯತೊಡಗಿದ. ನಾನು, ನಿಜ ಹೇಳುತ್ತೇನೆ, ಬಸ್ಸಿನ ಕಿಟಕಿ ಸಿಗುತ್ತದೆಂದು ಖುಷಿಯಲ್ಲಿದ್ದೆ.

ಶಿವರಾತ್ರಿಯ ಬೆಳಿಗ್ಗೆ ನೋಡಿದರೆ, ಎಲೆ ಉದುರಿದ ಗೂಟದ ತುದಿಯಲ್ಲಿ ಗಿಣಿಯ ಕೊಕ್ಕಿನಂಥ ಕೆಂಪು ಹೂಗಳ ಗೊಂಚಲು. ಗೊರವಂಕಗಳು ಅದಕ್ಕಾಗಿ ಜಗಳಾಡುತ್ತಿದ್ದವು. ಅವ್ವ ಕೀಳಲು ಕೈ ಚಾಚಿದವಳು ಹಿಂದಕ್ಕೆ ಎಳೆದುಕೊಂಡಳು. ಹೂವಿನ ಕೆಳಗೇ ಹಗ್ಗದ ಮೇಲೆ ನನ್ನ ಚಡ್ಡಿ ನೇತಾಡುತ್ತಿತ್ತು. ಅಂಥ ಗೂಟದ ಹೂವನ್ನು ಶಿವನಿಗೆ ಏರಿಸುವುದು ಹೇಗೆ?

“ಹಗ್ಗ ಬಿಚ್ಚರಿ,” ಎಂದಳು ಅಪ್ಪನಿಗೆ. “ಅರಬಿ ಒಣಹಾಕಾಕ ಬ್ಯಾರೆ ಗೂಟ ಹಾಕಸ್ರಿ.”

“ನಾಳೆ ಹೋಗಾಕಿಗೆ ಗೂಟ ಯಾಕ ಬೇಕು?”

“ಬರೂ ಶಿವರಾತ್ರಿಗೆ ಇದರ ಹೂವು ಯಾರು ಏರಸ್ತಾರ?”

ಅಪ್ಪ ಹಗ್ಗ ಬಿಚ್ಚಿದ ವೇಗಕ್ಕೆ ನನ್ನ ಚಡ್ಡಿ ಮಣ್ಣುಪಾಲಾಯಿತು. ಬಸ್ಸಿನ ಕಿಟಕಿಯೂ ಹೋಯಿತು. ಸಂಜೆಯೊಳಗೆ ಟ್ರಂಕು ತಳದವರೆಗೆ ಖಾಲಿ. ಗಾವಡೆ ಮಾಮಾ ತಂದ ಎರಡನೆಯ ಗೂಟವೂ ಚಿಗುರಿತೆಂದು ಬೇರೆ ಹೇಳಬೇಕಿಲ್ಲ; ಅದರ ಚಿಗುರನ್ನು ಅವ್ವ ಮುರಿಯಲಿಲ್ಲ.

ಅಂಥವಳ ಮಗನಾಗಿ, ಬಾಡಿಗೆ ಮನೆಯಲ್ಲವೇ ಎಂದು ನಾನು ಇಲ್ಲಿ ಹನ್ನೊಂದು ವರ್ಷ ಒಂದು ಗಿಡವನ್ನೂ ಹಚ್ಚಿರಲಿಲ್ಲ. ನಾಚಿಕೆಯಾಯಿತು. ನಿನ್ನೆ ಪರಿಚಯದವರ ಬೇಲಿಯಿಂದ ಪಾಂಗಾರದ ಟೊಂಗೆಯೊಂದನ್ನು ಬೇಡಿ ತಂದು ಹಿತ್ತಲಲ್ಲಿ ನೆಟ್ಟೆ. ಹೂವಾಗಲು ಎರಡು ಮೂರು ವರ್ಷವಾದರೂ ಬೇಕು. ಬಟ್ಟೆಯ ಹಗ್ಗವನ್ನು ಮಾತ್ರ ಅದಕ್ಕೆ ಕಟ್ಟದೆ, ಈಗಲೇ ಕಿಟಕಿಯ ಸರಳಿಗೆ ಕಟ್ಟಿದ್ದೇನೆ.